ಒತ್ತಾಯದ ಮೇರೆಗೆ

"ತೆಗೀಬೇಡ" ಅಂದಳು ಅಕ್ಕ, ಒಳಗಿನಿಂದ.

ಬೇಡಪ್ಪ ಬಾಗಿಲಿಗೆ ಕಿವಿ ಹಚ್ಚಿದ. ದನಿ ಬಾಗಿಲ ಹತ್ತಿರದಿಂದ ಬಂದದ್ದಲ್ಲ. ನೆಲದ ಮಟ್ಟದಿಂದ, ಬಚ್ಚಲಿನ ಕಡೆಯಿಂದ ಬರುತ್ತಿತ್ತು. ಅವನ ಬಲಗೈ ಆಗಲೇ ಸಲಕರಣೆ ಚೀಲದ ಜಿಪ್ಪಿನ ಮೇಲಿತ್ತು.

"ಅಕ್ಕಾ, ಬಿದ್ದಿದೀಯಾ?"

"ಕೂತಿದೀನಿ."

"ಬಚ್ಚಲಲ್ಲಿ ಯಾಕೆ ಕೂತಿದೀಯ?"

"ನನ್ನ ಬಚ್ಚಲು, ಎಷ್ಟು ಹೊತ್ತು ಬೇಕಾದ್ರೂ ಕೂತ್ಕೋತೀನಿ. ನೀನು ಹೋಗಿ ವೋಟು ಹಾಕು. ನಾನು ಮಧ್ಯಾಹ್ನ ಹೋಗ್ತೀನಿ."

ಬೆಳಗಿನ ಎಂಟು ಗಂಟೆ. ಪ್ರತಿ ಚುನಾವಣೆಗೂ ಇದೇ ಹೊತ್ತಿಗೆ ಅವನು ಮೂರು ಮಹಡಿ ಹತ್ತಿ ಬರುತ್ತಿದ್ದ. ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕನ್ನಡಕ ಒರೆಸಿಕೊಂಡು, ಬಾಗಿಲಲ್ಲೇ ಕಾದಿರುತ್ತಿದ್ದಳು. ಇಬ್ಬರೂ ಒಟ್ಟಿಗೆ ಮತಗಟ್ಟೆಗೆ ಹೋಗಿ, ಸಾಲಿನಲ್ಲಿ ನಿಂತು ಎಲ್ಲ ಪಕ್ಷಗಳನ್ನೂ ಸಮನಾಗಿ ಬೈದು, ಬರುವಾಗ ಚಹಾ ಕುಡಿದು ಬರುವುದು ರೂಢಿ. ಅಕ್ಕನಿಗೆ ಎಪ್ಪತ್ತನಾಲ್ಕು, ಅವನಿಗೆ ಅರವತ್ತೊಂದು. ಅವಳು ಮದುವೆಯಾಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು, ಆ ಎರಡು ಕೋಣೆಯ ಮನೆ ಕೊಂಡಳು. ಅಷ್ಟು ವರ್ಷ ಊರಿನ ಗುಟ್ಟೆಲ್ಲ ಕೈಬೆರಳ ತುದಿಯಲ್ಲಿ ಹಾದುಹೋದರೂ ಒಂದು ಕರೆಯನ್ನೂ ಕದ್ದು ಕೇಳಲಿಲ್ಲ ಎನ್ನುವುದು ಅವಳ ಹೆಮ್ಮೆ. ಅಮ್ಮ ಸತ್ತ ಮೇಲೆ ಬೇಡಪ್ಪನನ್ನು ಸಾಕಿದವಳೂ ಅವಳೇ. ಅವನ ತಲೆಯಲ್ಲಿ ಏನೇನು ವಿಚಾರಗಳಿದ್ದವೋ, ಅವುಗಳಲ್ಲಿ ಮುಕ್ಕಾಲು ಪಾಲು ಅವಳದೇ.

ಬೇಡಪ್ಪ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಬಸ್ ನಿಲ್ದಾಣದ ಹಿಂದೆ ಅವನದೊಂದು ಬೀಗ ರಿಪೇರಿ ಅಂಗಡಿ. ಮುನಿಸಿಪಾಲಿಟಿಯವರು ಬೀದಿಯ ಅಂಗಡಿಗಳಿಗೆಲ್ಲ ನೀಲಿ ಬಣ್ಣ ಬಳಿಯಬೇಕು ಅಂದಾಗ ಬೇಡ ಅಂದ. ತನಗೆ ನೀಲಿಯೇ ಇಷ್ಟವಿದ್ದರೂ ಹಳದಿ ಬಳಿದ. ಹೆಲ್ಮೆಟ್ಟನ್ನು ಯಾರೂ ಹೇಳದೆ ಹತ್ತು ವರ್ಷ ಹಾಕಿಕೊಂಡಿದ್ದವನು, ಹಾಕಲೇಬೇಕು ಎಂಬ ಕಾನೂನು ಬಂದ ದಿನ ತೆಗೆದು ಅಟ್ಟಕ್ಕೆಸೆದ. ವಾರದೊಳಗೆ ನೆಗಡಿಯಾಗಿ, ಹೆಂಡತಿ ಬೈದು, ಮತ್ತೆ ಇಳಿಸಿಕೊಂಡ. ಸರ್ಕಾರಿ ಕಾಗದ ಯಾವುದೇ ಇರಲಿ, ತೆರಿಗೆಯದೋ ಪರವಾನಗಿಯದೋ, ಸಹಿಯ ಮೇಲೆ ಸಣ್ಣಕ್ಷರದಲ್ಲಿ 'ಒತ್ತಾಯದ ಮೇರೆಗೆ' ಎಂದು ಬರೆಯದೆ ಅವನು ಕೊಟ್ಟವನಲ್ಲ. ಗುಮಾಸ್ತರು ಮೊದಮೊದಲು ರೇಗುತ್ತಿದ್ದರು, ಆಮೇಲೆ ನಗುತ್ತಿದ್ದರು, ಕೊನೆಗೆ ನೋಡುವುದನ್ನೇ ಬಿಟ್ಟರು. ಜಿಪುಣ ಅಂತಲೂ ಅಲ್ಲ. ಕೀಲಿ ಕಳೆದುಕೊಂಡು ಅಳುತ್ತ ಬಂದವರ ಬಾಗಿಲನ್ನು ಎಷ್ಟೋ ಸಲ ಪುಕ್ಕಟೆ ತೆಗೆದುಕೊಟ್ಟಿದ್ದಾನೆ. "ಕೊಡೋದು ಬೇರೆ, ಕಿತ್ಕೊಳ್ಳೋದು ಬೇರೆ" ಅನ್ನುತ್ತಿದ್ದ, ಯಾರಾದರೂ ಕೆದಕಿದರೆ. ಕೆದಕದಿದ್ದರೂ ಅನ್ನುತ್ತಿದ್ದ.

ಈ ಸಲದ ಜಗಳ ಕೀಲಿಯದೇ ಆಗಿತ್ತು. ಒಬ್ಬಂಟಿಯಾಗಿರುವ ಎಪ್ಪತ್ತು ದಾಟಿದವರೆಲ್ಲ ಮನೆಯ ಇನ್ನೊಂದು ಕೀಲಿಯನ್ನು ವಾರ್ಡ್ ಕಚೇರಿಗೆ ಒಪ್ಪಿಸಬೇಕು ಎಂಬ ಯೋಜನೆಯೊಂದನ್ನು ಹಿಡಿದುಕೊಂಡು ನಿವೃತ್ತ ಹೆಡ್‌ಮಿಸ್ ಒಬ್ಬರು ವಾರ್ಡ್ ಚುನಾವಣೆಗೆ ನಿಂತಿದ್ದರು. ಹೋದ ಚಳಿಗಾಲದಲ್ಲಿ ಮುದುಕರೊಬ್ಬರು ಮನೆಯೊಳಗೆ ಸತ್ತು ಐದು ದಿನ ಯಾರಿಗೂ ತಿಳಿದಿರಲಿಲ್ಲ. ಅದರಿಂದ ಹುಟ್ಟಿದ ಯೋಜನೆ. ಎದುರಾಳಿ ಸಿಮೆಂಟ್ ಅಂಗಡಿಯವನು. ಅವನು ಯೋಜನೆಯನ್ನು ವಿರೋಧಿಸಿದ್ದು ಹೆಡ್‌ಮಿಸ್ ತಂದದ್ದು ಅನ್ನುವ ಒಂದೇ ಕಾರಣಕ್ಕೆ. ಅರ್ಧ ಫುಟ್‌ಪಾತನ್ನು ಮೂಟೆಗಳಿಂದ ನುಂಗಿದ್ದ ಆಸಾಮಿ. ಅವನ ಮುಖ ಕಂಡರೆ ಬೇಡಪ್ಪನಿಗೆ ಆಗದು. ಆದರೂ ತನ್ನ ಹಳದಿ ಬಾಗಿಲ ಮೇಲೆ ಕೈಯಾರೆ ಬರೆದು ಅಂಟಿಸಿದ: 'ನನ್ನ ಬಾಗಿಲು, ನನ್ನ ಕೀಲಿ.' ಅಕ್ಷರ ತಿದ್ದಿಕೊಟ್ಟವಳು ಅಕ್ಕ.

ಈಗ ಆ ಅಕ್ಕ ಬಾಗಿಲ ಆಚೆ ನೆಲದ ಮೇಲಿದ್ದಳು. ಅವಳ ಮೂರು ಕೀಲಿಗಳೂ ಒಳಗೇ ಇದ್ದವು. ಬೀಗ ಹಾಕಿಕೊಟ್ಟ ದಿನ ಒಂದನ್ನು ತಾನಿಟ್ಟುಕೊಳ್ಳಬಹುದಿತ್ತು. ಅವನು ಕೇಳಲಿಲ್ಲ, ಅವಳು ಕೊಡಲಿಲ್ಲ. ಇಬ್ಬರಿಗೂ ಅದು ದೊಡ್ಡ ಮರ್ಯಾದೆಯಾಗಿ ಕಂಡಿತ್ತು.

"ಎಷ್ಟೊತ್ತಾಯ್ತು ಕೂತು?"

"ಆರಕ್ಕೆ ಸ್ನಾನಕ್ಕೆ ಬಂದೆ."

"ಎರಡು ಗಂಟೆ! ಕಾಲು ಆಡ್ತಿದೆಯಾ?"

"ಒಂದು ಆಡ್ತಿದೆ."

"ಅಕ್ಕ, ನಾನು ತೆಗೀತೀನಿ."

"ತೆಗೀಬೇಡ ಅಂದೆನಲ್ಲ. ಮೈಮೇಲೆ ಬಟ್ಟೆ ಇಲ್ಲ ನಂಗೆ."

"ನಾನು ಕಣ್ಣು ಮುಚ್ಕೊಂಡು ಟವೆಲ್ ಕೊಡ್ತೀನಿ."

"ಟವೆಲ್ಲಲ್ಲ ಕಣೋ ವಿಷಯ. ನೀನು ತೆಗೀತೀಯ, ಆಂಬುಲೆನ್ಸ್ ಬರುತ್ತೆ, ಆಸ್ಪತ್ರೆ. ಅಲ್ಲಿಂದ ನಿನ್ನ ಮನೆ ಹಿಂದಿನ ಕೋಣೆ. ನಿನ್ನ ಹೆಂಡತಿ ಆಗಲೇ ಅಲ್ಲಿ ಮಂಚ ಹಾಕಿಸಿದಾಳೆ, ನಂಗೆ ಗೊತ್ತಿಲ್ವಾ? ನಾನು ಈ ಮನೆಗೆ ವಾಪಸ್ ಬರಲ್ಲ. ಸ್ವಲ್ಪ ಹೊತ್ತು ಬಿಡು. ನಾನೇ ಏಳ್ತೀನಿ."

ಮಂಚದ ಮಾತು ನಿಜ. ಒಂದು ತಿಂಗಳ ಹಿಂದೆಯೇ ಹಾಕಿಸಿದ್ದಳು, ಮೆತ್ತನೆಯ ಹಾಸಿಗೆಯನ್ನೂ ತರಿಸಿದ್ದಳು. ಪ್ರೀತಿಯಿಂದಲೇ. ಬೇಡಪ್ಪ ಆಗ ಬೇಡ ಅಂದಿರಲಿಲ್ಲ.

ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಕೆಳಮನೆಯ ಟೈಲರಮ್ಮ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಹತ್ತಿ ಬಂದಳು. ಅವಳು ಹೆಡ್‌ಮಿಸ್ ಪಕ್ಷ. ಮೂರು ವಾರದಿಂದ ಬೇಡಪ್ಪನಿಗೂ ಅವಳಿಗೂ ಮಾತು ಅಷ್ಟಕ್ಕಷ್ಟೆ.

"ಏನಾಯ್ತು?"

"ಅಕ್ಕ ಬಿದ್ದಿದಾಳೆ."

"ಅಯ್ಯೋ! ತೆಗೀರಿ ಮತ್ತೆ! ನಿಂತಿದೀರಲ್ಲ?"

"ತೆಗೀಬೇಡ ಅಂತಿದಾಳೆ."

ಟೈಲರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬಿದ್ದೋರು ಏನೇನೋ ಅಂತಾರೆ. ಅದನ್ನ ಕೇಳ್ಕೊಂಡು ಬೀಗ ರಿಪೇರಿಯವನು ಬಾಗಿಲ ಮುಂದೆ ಕೈಕಟ್ಟಿ ನಿಲ್ಲೋದಾ?"

"ಅವಳಿಗೆ ಬುದ್ಧಿ ನೆಟ್ಟಗಿದೆ. ನೆಟ್ಟಗೆ ಮಾತಾಡ್ತಿದಾಳೆ. ಅವಳ ಮನೆ."

"ನಿಮ್ಮ ಭಾಷಣ ಅಂಗಡೀಲಿಟ್ಕೊಳ್ಳಿ!"

"ಏ ಟೈಲರಮ್ಮ" ಅಂದಳು ಒಳಗಿನಿಂದ ಅಕ್ಕ, "ಕೂಗಾಡಬೇಡಮ್ಮ, ಹೋಗಿ ಹೊಲ್ಕೋ. ನಾನು ಚೆನ್ನಾಗಿದೀನಿ."

ದನಿ ನಿಜಕ್ಕೂ ಚೆನ್ನಾಗಿತ್ತು. ಅವನನ್ನು ಕಟ್ಟಿಹಾಕಿದ್ದು ಅದೇ. ಅಳುತ್ತಿದ್ದರೆ, ನರಳುತ್ತಿದ್ದರೆ, ಕ್ಷಣ ಕಾಯುತ್ತಿರಲಿಲ್ಲ. ಆದರೆ ಅವಳು ಎಕ್ಸ್‌ಚೇಂಜಿನ ದನಿಯಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಬೇಡ ಅಂದಿದ್ದಳು. ನಲವತ್ತು ವರ್ಷದಿಂದ ಅವನು ಊರಿಗೆಲ್ಲ ಸಾರಿದ್ದು ಇಷ್ಟೇ: ಬುದ್ಧಿ ನೆಟ್ಟಗಿರುವ ಮನುಷ್ಯ ಬೇಡ ಅಂದ ಮೇಲೆ ಮುಗಿಯಿತು, ಒಳ್ಳೆಯದಕ್ಕೇ ಆದರೂ ಕೈಹಾಕುವ ಹಕ್ಕು ಯಾರಿಗೂ ಇಲ್ಲ. ಈಗ ಆ ಯಾರೋ ತಾನೇ ಆಗಿ ನಿಂತಿದ್ದ.

ಅವನು ಮೆಟ್ಟಿಲ ಮೇಲೆ ಕೂತ. ಬೇಡಿಕೊಂಡ. ರೇಗಿದ. ಹಿಂದಿನ ಕೋಣೆಯ ಮಂಚ ಮುರಿದು ಸೌದೆ ಮಾಡುತ್ತೇನೆ ಅಂದ. ಅಕ್ಕ ನಕ್ಕಳು. ಸಿಮೆಂಟಿನವನ ಜಾಹೀರಾತಿನ ಕಾಗುಣಿತದ ತಪ್ಪುಗಳನ್ನು ಹೇಳಿದಳು. ಎರಡು ಸಲ ಏಳಲು ನೋಡಿದಳು. ಬಕೆಟ್ಟು ಉರುಳಿದ ಸದ್ದು, ಆಮೇಲೆ ಹಲ್ಲು ಕಚ್ಚಿ ಉಸಿರೆಳೆದುಕೊಂಡ ಸದ್ದು. ಎರಡು ಸಲವೂ ಅವನು ಎದ್ದು ನಿಂತ. ಎರಡು ಸಲವೂ "ಕೂತ್ಕೋ" ಅಂದಳು, ನೋಡಿದವಳ ಹಾಗೆ. ಟೈಲರಮ್ಮ ಅವನ ಹೆಂಡತಿಗೆ ಫೋನು ಮಾಡಲು ಕೆಳಗೋಡಿದಳು.

ಒಂಬತ್ತೂವರೆಯ ಹೊತ್ತಿಗೆ ಅವಳ ಮಾತು ನಿಧಾನವಾಯಿತು. "ಚಳಿ ಕಣೋ" ಅಂದಳು ಒಂದು ಸಲ. ಆಮೇಲೆ, ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸಲು ಕೂತವಳ ಹಾಗೆ, "ನಂಬರ್ ಪ್ಲೀಸ್" ಅಂದಳು.

"ಅಕ್ಕಾ?"

ಅವನು ಬಾಗಿಲು ತಟ್ಟಿದ.

"ಅಕ್ಕಾ, ಈಗ ತೆಗೀಲಾ? ಬೇಡ ಅಂದ್ರೆ ಬೇಡ ಅನ್ನು."

ಅವನು ಹತ್ತರವರೆಗೆ ಎಣಿಸಿದ. ಹತ್ತು ಮುಗಿಯುವುದರೊಳಗೇ ಬೀಗ ಬಿಚ್ಚುವ ಸಣ್ಣ ಸಲಾಕೆಗಳು ಕೈಯಲ್ಲಿದ್ದವು. ಊರಿನ ಯಾವ ಬೀಗವನ್ನಾದರೂ ಒಂದು ನಿಮಿಷದಲ್ಲಿ ತೆಗೆಯುವವನು, ಇದಕ್ಕೆ ಏಳು ನಿಮಿಷ ಹೆಣಗಿದ. ತನ್ನ ಅಂಗಡಿಯ ಅತ್ಯುತ್ತಮ ಬೀಗವನ್ನೇ ಅಕ್ಕನಿಗೆ ಹಾಕಿದ್ದ. ಬೆವರು ಕಣ್ಣಿಗಿಳಿಯುತ್ತಿತ್ತು. ಇಷ್ಟು ಒಳ್ಳೆಯ ಬೀಗ ಹಾಕಿದ ತನ್ನನ್ನು ತಾನೇ ಕೆಟ್ಟ ಮಾತಿನಲ್ಲಿ ಬೈದುಕೊಂಡ.

ಆಂಬುಲೆನ್ಸಿನಲ್ಲಿ ಅವಳು ಒಮ್ಮೆ ಕಣ್ಣು ಬಿಟ್ಟಳು. ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡು ಅವನನ್ನೇ ನೋಡಿದಳು.

"ಯಾರು ನಿಂಗೆ ತೆಗಿ ಅಂದ್ರು?"

ಮತ್ತೆ ಕಣ್ಣು ಮುಚ್ಚಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನವಳು, ಮಾತು ಬಿರುಸು. ಸೊಂಟದ ಮೂಳೆ ಮುರಿದಿದೆ, ಮೈ ತಣ್ಣಗಾಗಿದೆ, ಇವತ್ತೇ ಆಪರೇಷನ್ ಆಗಬೇಕು ಅಂದಳು.

"ಎಷ್ಟು ಹೊತ್ತು ನೆಲದ ಮೇಲಿದ್ರು?"

"ಸುಮಾರು ನಾಲ್ಕು ಗಂಟೆ."

"ಛೆ. ನಿಮಗೆ ಯಾವಾಗ ಗೊತ್ತಾಯ್ತು?"

"ಎಂಟಕ್ಕೆ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. "ಎಂಟಕ್ಕೆ? ಇಲ್ಲಿಗೆ ಬಂದಿದ್ದು ಹತ್ತೂಕಾಲಕ್ಕೆ."

ಪಕ್ಕದಲ್ಲಿದ್ದ ಹೆಂಡತಿ ಅವನ ಕಡೆ ನೋಡಲಿಲ್ಲ. ಅವನು ಜೀವಮಾನವಿಡೀ ವಾದಕ್ಕೆ ಎಂದೂ ಮಾತು ಸಾಲದೆ ಹೋದವನಲ್ಲ. ಈಗ ಹೇಳಬಹುದಾದ ಒಂದೇ ಮಾತು, ಅವಳು ಬೇಡ ಅಂದಿದ್ದಳು ಎನ್ನುವುದು. ಅದು ಆ ಬಿಳಿ ಗೋಡೆಗಳ ನಡುವೆ ತೀರ ಸಣ್ಣದಾಗಿ ಕಂಡಿತು.

ಅಕ್ಕನಿಗೆ ಔಷಧದ ಮಂಪರು. ಒಪ್ಪಿಗೆ ಪತ್ರಕ್ಕೆ ಹತ್ತಿರದ ಸಂಬಂಧಿಯೇ ಸಹಿ ಹಾಕಬೇಕಿತ್ತು. ಗುಮಾಸ್ತೆ ತೋರಿಸಿದ ಜಾಗದಲ್ಲಿ ಅವನು ಸಹಿ ಹಾಕಿ ಕೊಟ್ಟ. ಅರ್ಧ ಗಂಟೆಯಾದರೂ ಅಕ್ಕನನ್ನು ಒಳಗೆ ಒಯ್ಯಲಿಲ್ಲ. ಆಮೇಲೆ ಅದೇ ಗುಮಾಸ್ತೆ ಕಾಗದ ಹಿಡಿದುಕೊಂಡು ವಾಪಸು ಬಂದಳು.

"ಏನ್ರೀ ಇದು?"

ಸಹಿಯ ಮೇಲೆ, ಸಣ್ಣಕ್ಷರದಲ್ಲಿ, ನೀಟಾಗಿ: 'ಒತ್ತಾಯದ ಮೇರೆಗೆ'.

ಬರೆದದ್ದು ಅವನಿಗೇ ಗೊತ್ತಿರಲಿಲ್ಲ. ಕೈ ಅದರ ಪಾಡಿಗೆ ಬರೆದಿತ್ತು.

"ಯಾರು ನಿಮ್ಮನ್ನ ಒತ್ತಾಯ ಮಾಡಿದ್ದು? ಹೀಗೆ ಬರೆದುಕೊಟ್ರೆ ಡಾಕ್ಟರು ಚಾಕು ಮುಟ್ಟೋ ಹಾಗಿಲ್ಲ, ಗೊತ್ತಾ?"

"ತಪ್ಪಾಯ್ತಮ್ಮ. ಅಭ್ಯಾಸಬಲ. ಅದನ್ನ ಹೊಡೆದು ಹಾಕಿಕೊಡ್ತೀನಿ."

"ಹೊಡೆದು ಹಾಕಿದ್ದು ನಡೆಯಲ್ಲ. ಹೊಸ ಫಾರ್ಮು ಬೇಕು. ಕೆಳಗಿನ ಕೌಂಟರಿನಲ್ಲಿ ತಗೊಳ್ಳಿ, ಮತ್ತೆ ಇಬ್ಬರು ಡಾಕ್ಟರ ಸಹಿ ಆಗ್ಬೇಕು."

ಕೆಳಗಿನ ಕೌಂಟರಿನವರು ಊಟಕ್ಕೆ ಹೋಗಿದ್ದರು. ಬೇಡಪ್ಪ ಮುಚ್ಚಿದ ಗಾಜಿನ ಕಿಟಕಿಯ ಮುಂದೆ ಮುಕ್ಕಾಲು ಗಂಟೆ ನಿಂತ. ಕುರ್ಚಿಯಿತ್ತು, ಕೂರಲಾಗಲಿಲ್ಲ. ತನ್ನ ನಲವತ್ತು ವರ್ಷದ ತಮಾಷೆ ಅಕ್ಕನ ಮೈಮೇಲೆ ಹೋಗಿ ಬಿತ್ತಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಭಯವೂ ಆಯಿತು. ಹೊಸ ಫಾರ್ಮು ಬಂದಾಗ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡು ಬರಿಯ ಹೆಸರನ್ನಷ್ಟೇ ಬರೆದ. 'ಮೇಲಿನದನ್ನು ಓದಿ, ಸ್ವಇಚ್ಛೆಯಿಂದ ಒಪ್ಪಿರುತ್ತೇನೆ' ಎಂದು ಅಚ್ಚಾಗಿತ್ತು. ಯಾರ ಇಚ್ಛೆ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಐದು ಗಂಟೆಗೆ ಆಪರೇಷನ್ ಮುಗಿದು, ಗಂಡಾಂತರವಿಲ್ಲ ಅಂದರು. ಹೆಂಡತಿ ಆಗ ಅವನ ಹತ್ತಿರ ಮೊದಲ ಸಲ ಮಾತಾಡಿದಳು. "ಹೋಗಿ ವೋಟು ಹಾಕಿ ಬನ್ನಿ. ಎಚ್ಚರಾದ ತಕ್ಷಣ ಅದನ್ನೇ ಕೇಳ್ತಾರೆ ನಿಮ್ಮಕ್ಕ."

ಮತಗಟ್ಟೆ ಮುಚ್ಚಲು ಹತ್ತು ನಿಮಿಷವಿತ್ತು. ರಟ್ಟಿನ ಮರೆಯೊಳಗೆ ಅವನು ಮತಪತ್ರವನ್ನು ಹರಡಿಕೊಂಡು ನಿಂತ. ಮೇಲೆ ಹೆಡ್‌ಮಿಸ್ ಹೆಸರು, ಕೆಳಗೆ ಸಿಮೆಂಟಿನವನದು. ಇವತ್ತು ಅಕ್ಕನ ಕೀಲಿ ವಾರ್ಡ್ ಕಚೇರಿಯಲ್ಲಿದ್ದಿದ್ದರೆ, ಯಾರೋ ಒಬ್ಬ ನೌಕರ ಎಂಟೂಕಾಲಕ್ಕೇ ಬಾಗಿಲು ತೆಗೆದಿರುತ್ತಿದ್ದ. ಆ ನೌಕರನಿಗೆ ಅಕ್ಕನ 'ಬೇಡ' ಕೇಳಿಸುತ್ತಲೂ ಇರಲಿಲ್ಲ. ಇದನ್ನು ಬೇಡಪ್ಪ ಹೇಗೆ ತಿರುಗಿಸಿ ನೋಡಿದರೂ ಎರಡೂ ಮಾತು ನಿಜವೇ ಆಗಿದ್ದವು. ಅಭಿಪ್ರಾಯವೇ ಬದಲಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು, ಬದಲಾಗಿರಲಿಲ್ಲ. ಅಧಿಕಾರಿ ಕೆಮ್ಮಿದರು, ಆಮೇಲೆ "ಆಯ್ತಾ ಯಜಮಾನ್ರೇ?" ಅಂದರು. ಅವನು ಸಿಮೆಂಟಿನವನ ಹೆಸರಿನ ಮುಂದೆ ಗುರುತು ಹಾಕಿ ಮಡಚಿ ಪೆಟ್ಟಿಗೆಗೆ ಹಾಕಿದ. ಬಾಯಿ ಕಹಿಯಾಗಿತ್ತು.

ಸಿಮೆಂಟಿನವನು ಭಾರಿ ಅಂತರದಲ್ಲಿ ಗೆದ್ದ. ಕೀಲಿ ಯೋಜನೆ ಕಡತದಲ್ಲೇ ಉಳಿಯಿತು. ಚಹಾದಂಗಡಿಯಲ್ಲಿ ಬೇಡಪ್ಪನ ಬೆನ್ನು ತಟ್ಟಿ, "ಗೆದ್ದೆಯಲ್ಲಪ್ಪಾ, ಒಂದು ಸಲನಾದ್ರೂ!" ಅಂದರು. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದ.

ಅಕ್ಕ ಏಳು ವಾರ ಅವನ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ನೀರು ಬೇಕಾದರೆ ಅವನ ಹೆಂಡತಿಯನ್ನು ಕೇಳುತ್ತಿದ್ದಳು, ಪೇಪರು ಬೇಕಾದರೂ ಅವಳನ್ನೇ. ಅವನು ಕೋಣೆಗೆ ಬಂದರೆ ಗೋಡೆಯ ಕಡೆ ಹೊರಳುತ್ತಿದ್ದಳು, ಹೊರಳಲು ನೋವಾಗುತ್ತಿದ್ದರೂ. ಒಂದು ಮಧ್ಯಾಹ್ನ ಅವನು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತ.

"ಬೈದುಬಿಡು ಅಕ್ಕ. ಬೇಗ ತೆಗೀಲಿಲ್ಲ ಅಂತ ಬೈತೀಯೋ, ತೆಗೆದೆ ಅಂತ ಬೈತೀಯೋ, ಯಾವುದಾದ್ರೂ ಒಂದು."

ಅಕ್ಕ ಗೋಡೆ ನೋಡುತ್ತಲೇ ಹೇಳಿದಳು. "ಬೇಗ ತೆಗೆದಿದ್ರೆ ಕೋಪ ಬರ್ತಿತ್ತು. ತೆಗೀದೇ ಇದ್ದಿದ್ರೆ ಸತ್ತಿರ್ತಿದ್ದೆ. ನೀನು ಎರಡೂ ಅಲ್ಲದ್ದು ಮಾಡಿದೆ. ನನ್ನ ಬಾಯಿ ನಿಂತು ಹೋಗೋವರೆಗೂ ಕಾದು ಆಮೇಲೆ ಬಂದೆ."

ಅವನು ಸ್ಟೂಲನ್ನು ಸದ್ದಾಗದ ಹಾಗೆ ಎತ್ತಿಟ್ಟು ಎದ್ದು ಹೋದ.

ಎಂಟನೆಯ ವಾರ ಅವಳು ವಾಕರ್ ಹಿಡಿದು ತನ್ನ ಮನೆಗೆ ಹೊರಟಳು. ಹೆಂಡತಿ ಅತ್ತಳು, ಕೂಗಾಡಿದಳು, "ನೀವಾದ್ರೂ ಹೇಳಿ!" ಅಂತ ಅವನ ತೋಳು ಹಿಡಿದು ಅಲ್ಲಾಡಿಸಿದಳು. ಅವನು ಆಟೋ ಕರೆದುತಂದ. ಮೂರು ಮಹಡಿಯನ್ನು ಅಕ್ಕ ಒಂದು ಗಂಟೆ ಹತ್ತಿದಳು, ಅವನ ಕೈ ಹಿಡಿಯದೆ.

ನಾಲ್ಕು ದಿನ ಬಿಟ್ಟು ಅಂಗಡಿಗೆ ಫೋನು ಬಂತು.

"ಬಾಗಿಲಿಗೆ ಒಳಗಡೆಯಿಂದ ಒಂದು ಅಗುಳಿ ಹಾಕ್ಬೇಕು. ಹೊರಗಡೆ ತೂತು ಇರಬಾರದು."

"ಹೊರಗಿಂದ ತೆಗೆಯೋಕ್ಕಾಗಲ್ಲ ಅಕ್ಕ ಅದನ್ನ."

"ಅದಕ್ಕೇ."

"ಮತ್ತೆ ಬಿದ್ರೆ?"

"ಬೇರೆಯವರ ಹತ್ರ ಹಾಕಿಸ್ಕೋಬಲ್ಲೆ. ನಿನ್ನ ಕರೀತಿದೀನಿ."

ಬಾಗಿಲು ತೇಗದ್ದು, ಹಳೆಯದು, ಗಟ್ಟಿ. ಅವನು ಎತ್ತರ ಅಳೆದು ಪೆನ್ಸಿಲಿನಲ್ಲಿ ಗುರುತು ಹಾಕಿದ. ಅವಳ ಕೈಗೆ ಎಟಕುವ ಹಾಗೆ, ವಾಕರ್ ಹಿಡಿದು ನಿಂತಾಗ ಬಗ್ಗಬೇಕಾಗದ ಹಾಗೆ. ಅಕ್ಕ ಕುರ್ಚಿಯಲ್ಲಿ ಕೂತು ಕಿಟಕಿಯ ಕಡೆ ಮುಖ ಮಾಡಿ ಪೇಪರು ಓದುತ್ತಿದ್ದಳು. ಅವನ ಡಬ್ಬಿಯಲ್ಲಿ ಎರಡು ಬಗೆಯ ಸ್ಕ್ರೂಗಳಿದ್ದವು. ಗಿಡ್ಡವು ಅರ್ಧ ಅಂಗುಲ, ಉದ್ದವು ಎರಡು. ಬಿಗಿದ ಮೇಲೆ ನೋಡಿದರೆ ತಲೆ ಎರಡರದೂ ಒಂದೇ. ಗಿಡ್ಡದನ್ನು ಹಾಕಿದರೆ ಅಗುಳಿ ಗಟ್ಟಿಯಾಗಿಯೇ ಕಾಣುತ್ತದೆ, ದಿನನಿತ್ಯ ಸರಾಗವಾಗಿ ಜಾರುತ್ತದೆ. ಹೊರಗಿನಿಂದ ಒಬ್ಬ ಗಂಡಸು ಭುಜ ಕೊಟ್ಟು ಎರಡು ಸಲ ಗುದ್ದಿದರೆ ಕಿತ್ತು ಬರುತ್ತದೆ. ಅಕ್ಕನಿಗೆ ಎಂದೂ ತಿಳಿಯುವುದಿಲ್ಲ. ತಿಳಿಯುವ ದಿನ ಅದು ಅವಳನ್ನು ಉಳಿಸಿರುತ್ತದೆ.

ಅವನು ನಾಲ್ಕು ಗಿಡ್ಡ ಸ್ಕ್ರೂಗಳನ್ನು ಅಂಗೈಯಲ್ಲಿ ಹಾಕಿಕೊಂಡು ನಿಂತ. ಪೇಪರಿನ ಹಾಳೆ ಮಗುಚಿದ ಸದ್ದು ಕೇಳಿತು. ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಅವನ ಕೈ ಡಬ್ಬಿಯ ಕಡೆ ಹೋಯಿತು, ನಿಂತಿತು, ಮತ್ತೆ ಹೋಯಿತು. ಗಿಡ್ಡವನ್ನು ಡಬ್ಬಿಗೆ ಸುರಿದು ಉದ್ದದವನ್ನು ಎತ್ತಿಕೊಂಡ. ಒಂದೊಂದನ್ನೂ ಕೊನೆಯ ಸುತ್ತಿನವರೆಗೆ ಬಿಗಿದ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ಆಯ್ತು ಅಕ್ಕ."

ಅವಳು ವಾಕರ್ ಊರಿಕೊಂಡು ಬಂದು, ಅಗುಳಿಯನ್ನು ಎರಡು ಸಲ ಆಚೀಚೆ ಸರಿಸಿ ನೋಡಿದಳು. ಸ್ಕ್ರೂಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಅವನ ಮುಖ ನೋಡಿದಳು, ಎರಡು ತಿಂಗಳಲ್ಲಿ ಮೊದಲ ಸಲ.

"ಹೊರಗೆ ಹೋಗು. ತಳ್ಳಿ ನೋಡು."

ಅವನು ಹೊರಗೆ ಹೋದ. ಬಾಗಿಲು ಮುಚ್ಚಿಕೊಂಡಿತು, ಒಳಗೆ ಅಗುಳಿ ಸರಿದು ಕೂತಿತು.

"ಕೈಯಲ್ಲಲ್ಲ, ಭುಜ ಕೊಟ್ಟು. ಜೋರಾಗಿ."

ಅವನು ಎರಡು ಹೆಜ್ಜೆ ಹಿಂದೆ ಸರಿದು ಮೈಯ ಭಾರವನ್ನೆಲ್ಲ ಹಾಕಿ ಗುದ್ದಿದ. ಮತ್ತೊಮ್ಮೆ ಗುದ್ದಿದ. ಕೆಳಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಬಾಗಿಲು ಕೂದಲೆಳೆಯಷ್ಟೂ ಕದಲಲಿಲ್ಲ.

"ಅಲ್ಲಾಡ್ತಿಲ್ಲ ಅಕ್ಕ" ಅಂದ, ಭುಜ ಉಜ್ಜಿಕೊಳ್ಳುತ್ತ.

"ಸರಿ" ಅಂದಳು ಅವಳು.

ವಾಕರಿನ ನಾಲ್ಕು ರಬ್ಬರ್ ಕಾಲುಗಳು ನೆಲಕ್ಕೆ ತಾಗುವ, ನಡುವೆ ಅವಳು ಹೆಜ್ಜೆ ಎಳೆಯುವ ಸದ್ದು ಅಡುಗೆಮನೆಯ ಕಡೆಗೆ ದೂರವಾಗುತ್ತ ಹೋಯಿತು. ಅವನು ಬಾಗಿಲಿಗೆ ಕೆನ್ನೆ ಕೊಟ್ಟುಕೊಂಡು ಒಂದೊಂದನ್ನೂ ಕೇಳುತ್ತ ನಿಂತ.